ಪರಿಸರ ಪರಿಣಾಮ ವರದಿ ತಯಾರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಣೆಕಟ್ಟು, ಹೆದ್ದಾರಿ, ಗಣಿ, ಬಂದರು, ಕಾರ್ಖಾನೆ. ದೊಡ್ಡದೇನೋ ಕಟ್ಟುವ ಮಾತು ಬಂದ ಕೂಡಲೇ ಪರಿಸರ ಪರಿಣಾಮ ವರದಿಯ ಮಾತೂ ಬರುತ್ತದೆ. ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವನ್ನು ಮೊದಲ ಸಲ ವರದಿ ತಯಾರಿಸುವ ತಂಡ ಸೇರಿದವರು ಕೇಳಿದ್ದು. ಇನ್ನು ಕೆಲವನ್ನು ವರದಿ ಕೈಗೆ ಸಿಕ್ಕಿ ಎಲ್ಲಿಂದ ಓದಬೇಕು ಅಂತ ತಿಳಿಯದವರು ಕೇಳಿದ್ದು.

ಪರಿಸರ ಪರಿಣಾಮ ವರದಿ ಅಂದರೆ ಏನು?

ಯೋಜನೆ ಕಟ್ಟುವ ಮೊದಲೇ, ಅದರಿಂದ ನೆಲ, ನೀರು, ಗಾಳಿ, ಪ್ರಾಣಿ, ಗಿಡಮರ ಮತ್ತು ಸುತ್ತಲಿನ ಜನರಿಗೆ ಏನಾಗಬಹುದು ಎಂದು ಅಳೆದು, ಲೆಕ್ಕ ಹಾಕಿ ಬರೆದ ದಾಖಲೆ. ಅಳೆಯುವ, ಲೆಕ್ಕ ಹಾಕುವ, ಜನರನ್ನು ಕೇಳುವ ಇಡೀ ಕೆಲಸಕ್ಕೆ ಪರಿಸರ ಪರಿಣಾಮ ಮೌಲ್ಯಮಾಪನ ಎನ್ನುತ್ತಾರೆ. ಬಾಯಿಮಾತಿನಲ್ಲಿ ಇಐಎ. ವರದಿ ಅದರ ಫಲ.

ಎಷ್ಟೇ ದಪ್ಪ ಇದ್ದರೂ ವರದಿ ಉತ್ತರಿಸಬೇಕಾದದ್ದು ನಾಲ್ಕೇ ಪ್ರಶ್ನೆಗೆ. ಈಗ ಅಲ್ಲಿ ಏನಿದೆ? ಯೋಜನೆ ಬಂದರೆ ಏನು ಬದಲಾಗುತ್ತದೆ? ಇದೇ ಉದ್ದೇಶಕ್ಕೆ ಬೇರೆ ದಾರಿ ಇದೆಯಾ? ಇದನ್ನೇ ಮಾಡುವುದಾದರೆ ಹಾನಿಯನ್ನು ಹೇಗೆ ಕಡಿಮೆ ಮಾಡುತ್ತೀರಿ? ಹೊಸ ವರದಿ ಕೈಗೆ ಬಂದಾಗ ನಾನು ಮೊದಲು ಮೂರನೆಯ ಪ್ರಶ್ನೆಯ ಉತ್ತರ ಹುಡುಕುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಪದ್ಧತಿ ಎಲ್ಲಿ ಶುರುವಾಯಿತು?

ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಅಧ್ಯಕ್ಷ ನಿಕ್ಸನ್ 1970ರ ಜನವರಿ 1ರಂದು ಸಹಿ ಹಾಕಿದರು. ಹಿಂದಿನ ವರ್ಷ ಸಾಂತಾ ಬಾರ್ಬರಾ ಕಡಲ ತೀರದಲ್ಲಿ ತೈಲ ಸೋರಿ ದೊಡ್ಡ ಗಲಾಟೆಯಾಗಿತ್ತು. ಕಾಯ್ದೆ ಬರೀ ಒಳ್ಳೆಯ ಮಾತಾಗಿ ಉಳಿಯಬಾರದು, ಇಲಾಖೆಗಳ ಕೈ ಹಿಡಿದು ಕೆಲಸ ಮಾಡಿಸಬೇಕು ಎಂದು ಲಿಂಟನ್ ಕಾಲ್ಡ್‌ವೆಲ್ ಎಂಬ ಪ್ರಾಧ್ಯಾಪಕರು ಸೆನೆಟರ್ ಹೆನ್ರಿ ಜಾಕ್ಸನ್ ಅವರ ಸಮಿತಿಗೆ ಸಲಹೆ ಕೊಟ್ಟಿದ್ದರು. ಪರಿಸರದ ಮೇಲೆ ದೊಡ್ಡ ಪರಿಣಾಮ ಬೀರುವ ಕೆಲಸಕ್ಕೆ ಸರ್ಕಾರಿ ಇಲಾಖೆ ವಿವರವಾದ ಹೇಳಿಕೆ ಬರೆಯಲೇಬೇಕು ಎಂಬ ನಿಯಮ ಹೀಗೆ ಬಂತು. 1971ರಲ್ಲಿ ಕಾಲ್ವರ್ಟ್ ಕ್ಲಿಫ್ಸ್ ಅಣುಸ್ಥಾವರದ ಮೊಕದ್ದಮೆಯಲ್ಲಿ ನ್ಯಾಯಾಲಯ, ಈ ಕೆಲಸವನ್ನು ಕಾಟಾಚಾರಕ್ಕೆ ಮಾಡಿದರೆ ಸಾಲದು ಎಂದು ಗಟ್ಟಿಯಾಗಿ ಹೇಳಿತು. ಕಾಯ್ದೆಗೆ ಹಲ್ಲು ಬಂದದ್ದು ಆಗ.

ಆಮೇಲೆ ಬೇರೆ ದೇಶಗಳೂ ತಮ್ಮದೇ ರೀತಿಯಲ್ಲಿ ಇದನ್ನು ತಂದವು. ಯುರೋಪಿನ ನಿರ್ದೇಶನ ಬಂದದ್ದು 1985ರಲ್ಲಿ. ಭಾರತದ ಮೊದಲ ಅಧಿಸೂಚನೆ 1994ರದ್ದು, ಅದರ ಜಾಗಕ್ಕೆ 2006ರಲ್ಲಿ ಇನ್ನೊಂದು ಬಂತು. 1992ರ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಹೊರಟ ರಿಯೊ ಘೋಷಣೆಯ 17ನೇ ತತ್ವ ಪೂರ್ತಿ ಇದರ ಬಗ್ಗೆಯೇ ಇದೆ.

ಎಲ್ಲ ಯೋಜನೆಗೂ ಬೇಕಾ?

ಇಲ್ಲ. ಮೊದಲು ಜರಡಿ ಹಿಡಿಯುತ್ತಾರೆ. ಕೆಲವು ಯೋಜನೆಗಳಿಗೆ ಗಾತ್ರ ನೋಡಿಯೇ ಪೂರ್ತಿ ವರದಿ ಕಡ್ಡಾಯ. ಕೆಲವಕ್ಕೆ ಸಣ್ಣ ಅಧ್ಯಯನ ಸಾಕು. ಕೆಲವಕ್ಕೆ ಏನೂ ಬೇಡ. ಪಟ್ಟಿ ಆಯಾ ದೇಶದ ಕಾನೂನಿನಲ್ಲಿ ಇರುತ್ತದೆ.

ಇಲ್ಲೊಂದು ಹಳೆಯ ಚಾಳಿ ಇದೆ. ಮಿತಿ 100 ಎಕರೆ ಇದ್ದರೆ 98 ಎಕರೆಯ ಎರಡು ಯೋಜನೆಗಳು ಅಕ್ಕಪಕ್ಕದಲ್ಲೇ ಹುಟ್ಟಿಕೊಳ್ಳುತ್ತವೆ! ಅವೆರಡಕ್ಕೂ ಒಂದೇ ರಸ್ತೆ, ಒಂದೇ ನೀರಿನ ಕೊಳವೆ, ಒಂದೇ ಗೇಟು ಇದ್ದರೆ ಅದು ಒಂದೇ ಯೋಜನೆ ಎಂದು ಹೇಳಲು ಪರಿಣತಿ ಬೇಕಿಲ್ಲ. ಜರಡಿ ಹಿಡಿಯುವವರು ನಕ್ಷೆ ನೋಡಿದರೆ ಸಾಕು.

ಕೆಲಸ ಯಾವಾಗ ಶುರು ಮಾಡಬೇಕು?

ನಕ್ಷೆ ಇನ್ನೂ ಪೆನ್ಸಿಲಿನಲ್ಲಿ ಇರುವಾಗ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನೇ ಓದಿ.

1968ರಲ್ಲಿ ಅಲಾಸ್ಕಾದ ಉತ್ತರ ತುದಿಯ ಪ್ರೂಡೋ ಬೇಯಲ್ಲಿ ತೈಲ ಸಿಕ್ಕಿತು. ಅದನ್ನು ದಕ್ಷಿಣದ ಬಂದರಿಗೆ ತರಲು ಸುಮಾರು 1,300 ಕಿ.ಮೀ. ಉದ್ದದ ಪೈಪ್‌ಲೈನ್ ಹಾಕುವ ಯೋಚನೆ. ಬಹುತೇಕ ನೆಲದೊಳಗೆ ಹೂಳುವುದು ಎಂದು ಕಂಪನಿಗಳು ಅಂದುಕೊಂಡಿದ್ದವು. ಪೈಪ್‌ಲೈನ್ ಕೆಲಸಕ್ಕೆ ಬೇಕಾದ ರಸ್ತೆಗೆ ಸರ್ಕಾರಿ ಇಲಾಖೆ ಕೊಟ್ಟ ಮೊದಲ ಹೇಳಿಕೆ ಎಂಟೇ ಪುಟ. 1970ರಲ್ಲಿ ನ್ಯಾಯಾಲಯ ತಡೆ ಕೊಟ್ಟಿತು.

ಅದೇ ವರ್ಷ ಅಮೆರಿಕದ ಭೂಗರ್ಭ ಸರ್ವೆಯ ಆರ್ಥರ್ ಲೇಕನ್‌ಬ್ರುಕ್ ಒಂದು ಲೆಕ್ಕ ಹಾಕಿದರು. ಅಲ್ಲಿನ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಪೈಪಿನಲ್ಲಿ ಹರಿಯುವ ತೈಲ ಬಿಸಿ. ನಾಲ್ಕು ಅಡಿ ಅಗಲದ, 80 ಡಿಗ್ರಿ ಸೆಲ್ಸಿಯಸ್ ಬಿಸಿಯ ಪೈಪನ್ನು ಆ ನೆಲದಲ್ಲಿ ಹೂತರೆ, ಕೆಲವೇ ವರ್ಷಗಳಲ್ಲಿ ಅದರ ಸುತ್ತ 20ರಿಂದ 30 ಅಡಿ ಅಗಲಕ್ಕೆ ನೆಲ ಕರಗುತ್ತದೆ. ಮಣ್ಣಿನೊಳಗೆ ಮಂಜುಗಡ್ಡೆ ಜಾಸ್ತಿ ಇರುವ ಕಡೆ ಅದು ಕೆಸರಾಗುತ್ತದೆ. ಪೈಪ್ ಕುಸಿದು ಒಡೆಯಬಹುದು.

ಕೊನೆಯ ವರದಿ 1972ರಲ್ಲಿ ಬಂತು, ಆರು ಸಂಪುಟ. ಅಷ್ಟರಲ್ಲಿ ಪೈಪ್‌ಲೈನಿನ ವಿನ್ಯಾಸವೇ ಬದಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಉದ್ದ, ಸುಮಾರು 675 ಕಿ.ಮೀ., ಕಂಬಗಳ ಮೇಲೆ ಏರಿತು. ನೆಲ ಕರಗದಂತೆ ಶಾಖವನ್ನು ಹೊರಗೆ ಬಿಡುವ ಕೊಳವೆಗಳನ್ನು ಆ ಕಂಬಗಳಲ್ಲಿ ಇಟ್ಟರು. ಕ್ಯಾರಿಬೂ ಜಿಂಕೆಗಳು ದಾಟಲು ಜಾಗ ಬಿಟ್ಟರು. ಭೂಮಿ ಬಿರುಕು ಬಿಟ್ಟಿರುವ ಕಡೆ ಪೈಪ್ ಅತ್ತಿತ್ತ ಜಾರುವಂತೆ ಕೂರಿಸಿದರು. 2002ರಲ್ಲಿ ಅಲ್ಲಿ 7.9 ತೀವ್ರತೆಯ ಭೂಕಂಪ ಆಯಿತು. ಪೈಪ್ ಒಡೆಯಲಿಲ್ಲ.

ಕಥೆ ಪೂರ್ತಿ ಸಿಹಿಯೇನಲ್ಲ. 1973ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾಯ್ದೆ ತಂದು ಪೈಪ್‌ಲೈನ್ ವಿಷಯದಲ್ಲಿ ಪರಿಸರ ಮೊಕದ್ದಮೆಗಳ ಬಾಗಿಲು ಮುಚ್ಚಿತು. ಆದರೂ ಮೊದಲಿನ ಮೂರು ವರ್ಷದ ಗುದ್ದಾಟದಲ್ಲಿ ನಕ್ಷೆ ತಿದ್ದಿದ್ದಂತೂ ನಿಜ. ಕೊಳವೆ ಹೂತಾದ ಮೇಲೆ ಅದೇ ಲೆಕ್ಕ ಹಾಕಿದ್ದರೆ ಏನು ಪ್ರಯೋಜನ?

ಹಲವು ಕಡೆ ಇದಕ್ಕೆ ಉಲ್ಟಾ ನಡೆಯುತ್ತದೆ. ಜಾಗ ಕೊಂಡಾಗಿದೆ, ಟೆಂಡರ್ ಆಗಿದೆ, ಯಂತ್ರಕ್ಕೆ ಮುಂಗಡ ಕೊಟ್ಟಾಗಿದೆ. ಆಮೇಲೆ ವರದಿ ಬರೆಯುವವರನ್ನು ಕರೆಯುತ್ತಾರೆ. ಅಂಥ ಕೆಲಸ ನನಗೂ ಬಂದದ್ದುಂಟು. ಮೊದಲ ಸಭೆಯಲ್ಲೇ ಅಡಿಪಾಯದ ಫೋಟೋ ತೋರಿಸಿದರು. ಅಲ್ಲಿ ಬರೆಯಲು ಏನು ಉಳಿದಿರುತ್ತದೆ, ಹೇಳಿ?

ಯೋಜನೆಯವರೇ ದುಡ್ಡು ಕೊಟ್ಟು ವರದಿ ಬರೆಸಿದರೆ ಅದನ್ನು ನಂಬುವುದು ಹೇಗೆ?

ಈ ಪ್ರಶ್ನೆ ಕೇಳದವರೇ ಇಲ್ಲ. ಬಹಳ ದೇಶಗಳಲ್ಲಿ ಯೋಜನೆಯವರು ಒಂದು ಕನ್ಸಲ್ಟೆಂಟ್ ಸಂಸ್ಥೆಯನ್ನು ಆರಿಸುತ್ತಾರೆ, ಫೀಸು ಕೊಡುತ್ತಾರೆ. ಇದರಲ್ಲಿ ತೊಂದರೆ ಇದೆ. ಇಲ್ಲ ಅಂತ ವಾದಿಸುವವರ ಮಾತು ನನಗೆ ಒಪ್ಪಿಗೆಯಾಗಿಲ್ಲ. ಕೆಟ್ಟ ಸುದ್ದಿ ಬರೆದವರಿಗೆ ಮುಂದಿನ ಕೆಲಸ ಸಿಗುವುದು ಕಷ್ಟ.

ನೆದರ್‌ಲೆಂಡ್ಸ್‌ನಲ್ಲಿ ಇದಕ್ಕೆಂದೇ ಸ್ವತಂತ್ರ ಆಯೋಗ ಇದೆ. ವರದಿಯ ಗುಣಮಟ್ಟ ನೋಡಿ ಅದು ಅಭಿಪ್ರಾಯ ಕೊಡುತ್ತದೆ, ಅದನ್ನು ಎಲ್ಲರೂ ಓದಬಹುದು. ಅಂಥ ವ್ಯವಸ್ಥೆ ಇಲ್ಲದ ಕಡೆ ಓದುವವರು ತಾವೇ ಕೆಲವು ವಿಷಯ ನೋಡಬಹುದು. ಅಳತೆ ಮಾಡಿದ ದಿನಾಂಕ, ಜಾಗ, ಉಪಕರಣ ಎಲ್ಲ ಬರೆದಿದ್ದಾರಾ? ಕಚ್ಚಾ ಅಂಕಿಗಳು ಅನುಬಂಧದಲ್ಲಿ ಇವೆಯಾ? ಯಾವ ಅಧ್ಯಾಯ ಯಾರು ಬರೆದರು ಎಂದು ಹೆಸರು ಹಾಕಿದ್ದಾರಾ? ಹೆಸರು ಹಾಕಬೇಕಾದಾಗ ಮನುಷ್ಯ ಸ್ವಲ್ಪ ಜಾಸ್ತಿ ಎಚ್ಚರ ವಹಿಸುತ್ತಾನೆ.

ಸ್ಕೋಪಿಂಗ್ ಎಂದರೆ?

ಏನನ್ನು ಅಧ್ಯಯನ ಮಾಡಬೇಕು, ಎಲ್ಲಿಯವರೆಗೆ ಮಾಡಬೇಕು ಎಂದು ಗೆರೆ ಎಳೆಯುವುದು. ಎಲ್ಲವನ್ನೂ ಅಧ್ಯಯನ ಮಾಡಲು ಹೋದರೆ ಮುಖ್ಯವಾದದ್ದು ಮುಳುಗಿ ಹೋಗುತ್ತದೆ. ತಪ್ಪು ಜಾಗದಲ್ಲಿ ಗೆರೆ ಎಳೆದರೆ ಇನ್ನೂ ಕೆಟ್ಟದ್ದು.

ಇಟಲಿಯ ವಾಯೊಂಟ್ ಅಣೆಕಟ್ಟನ್ನು ನೋಡಿ. ಇಐಎ ಎಂಬ ಹೆಸರು ಹುಟ್ಟುವ ಮೊದಲಿನ ಮಾತು ಇದು. 1963ರ ಅಕ್ಟೋಬರ್ 9ರ ರಾತ್ರಿ ಪಕ್ಕದ ಟೋಕ್ ಬೆಟ್ಟದ ಒಂದು ಮಗ್ಗುಲೇ ಜಲಾಶಯಕ್ಕೆ ಜಾರಿತು. ನೀರು ಅಣೆಕಟ್ಟಿನ ಮೇಲಿಂದ ಉಕ್ಕಿ ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಸುಮಾರು 2,000 ಜನ ಸತ್ತರು. ಅಣೆಕಟ್ಟು ಮಾತ್ರ ಒಡೆಯಲಿಲ್ಲ, ಇವತ್ತಿಗೂ ನಿಂತಿದೆ. ಗೋಡೆ ಗಟ್ಟಿಯಾಗಿತ್ತು. ಪೆಟ್ಟು ಬಂದದ್ದು ಬೆಟ್ಟದಿಂದ. ಬೆಟ್ಟ ಜರುಗುತ್ತಿರುವುದು ಮೊದಲೇ ಕಂಡಿತ್ತು ಎಂಬುದು ಈ ಕಥೆಯ ನೋವಿನ ಭಾಗ.

ಹಾಗಾಗಿ ಗೆರೆ ಎಳೆಯುವಾಗ ಯೋಜನೆಯ ಬೇಲಿಯನ್ನು ನೋಡಬೇಡಿ. ಪರಿಣಾಮ ಎಲ್ಲಿಯವರೆಗೆ ಓಡುತ್ತದೆ ಅಂತ ನೋಡಿ. ನೀರಿನ ವಿಷಯಕ್ಕೆ ಜಲಾನಯನ ಪ್ರದೇಶ, ಗಾಳಿಯ ವಿಷಯಕ್ಕೆ ಗಾಳಿ ಬೀಸುವ ದಿಕ್ಕು, ಪ್ರಾಣಿಗಳ ವಿಷಯಕ್ಕೆ ಅವು ಓಡಾಡುವ ದಾರಿ. ಯೋಜನೆಯ ಸುತ್ತ 10 ಕಿ.ಮೀ. ವೃತ್ತ ಎಳೆದು ಮುಗಿಸುವುದು ಸುಲಭ. ನದಿ ವೃತ್ತದ ಗೆರೆ ನೋಡಿ ನಿಲ್ಲುತ್ತದಾ?

ಬೇಸ್‌ಲೈನ್ ಎಷ್ಟು ದಿನದ್ದಿರಬೇಕು?

ಬೇಸ್‌ಲೈನ್ ಎಂದರೆ ಯೋಜನೆ ಬರುವ ಮೊದಲಿನ ಸ್ಥಿತಿಯ ದಾಖಲೆ. ನಾಳೆ ಏನು ಹಾಳಾಯಿತು ಎಂದು ಹೇಳಲು ಇವತ್ತು ಏನಿತ್ತು ಎಂದು ಗೊತ್ತಿರಬೇಕು, ಅಲ್ವಾ?

ಕಾನೂನು ಕೆಲವು ಕಡೆ ಒಂದೇ ಋತುವಿನ ಅಳತೆ ಸಾಕು ಎನ್ನುತ್ತದೆ. ನಿಸರ್ಗ ಹಾಗೆ ಅನ್ನುವುದಿಲ್ಲ. ಬೇಸಿಗೆಯಲ್ಲಿ ಹೋದರೆ ತೊರೆ ಒಣಗಿರುತ್ತದೆ, ಅಲ್ಲಿ ಮೀನಿಲ್ಲ ಅಂತ ಬರೆದು ಬರುತ್ತೀರಿ. ವಲಸೆ ಹಕ್ಕಿಗಳು ವರ್ಷದಲ್ಲಿ ಕೆಲವೇ ವಾರ ಇರುತ್ತವೆ. ಕಪ್ಪೆಗಳನ್ನು ಹುಡುಕಲು ಮಳೆಯ ರಾತ್ರಿ ಬೇಕು, ಬಾವಲಿಗಳಿಗೆ ಸಂಜೆಯ ನಂತರ ಹೋಗಬೇಕು. ಹಗಲು ಹತ್ತರಿಂದ ಐದರವರೆಗೆ ಮಾತ್ರ ಸುತ್ತಾಡಿದ ತಂಡಕ್ಕೆ ಕಾಡಿನ ಅರ್ಧ ಜೀವಿಗಳು ಕಾಣಿಸುವುದೇ ಇಲ್ಲ. ಅಂತರ್ಜಲವಂತೂ ಒಂದು ವರ್ಷದ ಮಳೆಗೆ ಇನ್ನೊಂದು ವರ್ಷ ಉತ್ತರ ಕೊಡುವುದೂ ಉಂಟು. ಕನಿಷ್ಠ ಒಂದು ಪೂರ್ತಿ ವರ್ಷ ಬೇಕು ಎಂಬುದು ನನ್ನ ಮಾತು.

ಜೀವಿಗಳ ಪಟ್ಟಿ ಸಾಕಷ್ಟಾಯಿತಾ ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ದಿನದಿಂದ ದಿನಕ್ಕೆ ಎಷ್ಟು ಹೊಸ ಜಾತಿಗಳು ಸಿಗುತ್ತಿವೆ ಎಂದು ಗ್ರಾಫ್ ಹಾಕಿ. ಗೆರೆ ಇನ್ನೂ ಮೇಲೇರುತ್ತಲೇ ಇದ್ದರೆ ನೀವು ಹುಡುಕಿದ್ದು ಸಾಲದು. ಚಪ್ಪಟೆಯಾಗುತ್ತಾ ಬಂದರೆ ಪಟ್ಟಿಯನ್ನು ಸ್ವಲ್ಪ ನಂಬಬಹುದು. ಈ ಗ್ರಾಫ್ ಇರುವ ವರದಿ ಕಂಡರೆ ನನಗೆ ಖುಷಿ.

ಹಳೆಯ ವರದಿಯಿಂದ ಮಾಹಿತಿ ತೆಗೆದುಕೊಳ್ಳಬಹುದಾ?

ಎಲ್ಲಿಂದ, ಯಾವ ವರ್ಷದ್ದು ಎಂದು ಬರೆದರೆ ಬಳಸಿಕೊಳ್ಳಬಹುದು. ಸುಮ್ನೆ ಕಾಪಿ ಹೊಡೆದರೆ ಸಿಕ್ಕಿಬೀಳುತ್ತೀರಿ. ಒಣ ಬಯಲಿನ ಯೋಜನೆಯ ವರದಿಯಲ್ಲಿ ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಏಡಿಗಳ ಹೆಸರು ಬಂದದ್ದನ್ನು ನೋಡಿದ್ದೇನೆ. ಸಮುದ್ರ ನೂರಾರು ಕಿ.ಮೀ. ದೂರ! ಆ ಒಂದು ಸಾಲು ಕಂಡ ಮೇಲೆ ಉಳಿದ ಯಾವ ಪುಟವನ್ನೂ ಯಾರೂ ನಂಬಲಿಲ್ಲ.

ಇನ್ನೂ ಆಗದ ಪರಿಣಾಮವನ್ನು ಲೆಕ್ಕ ಹಾಕುವುದು ಹೇಗೆ?

ವಿಷಯಕ್ಕೆ ತಕ್ಕ ವಿಧಾನಗಳಿವೆ. ಚಿಮಣಿಯ ಹೊಗೆ ಎಲ್ಲಿ ಎಷ್ಟು ಬೀಳುತ್ತದೆ ಎನ್ನಲು ಕಂಪ್ಯೂಟರ್ ಮಾಡೆಲ್. ನೀರಿಗೆ ಹರಿವಿನ ಮಾಡೆಲ್. ಶಬ್ದಕ್ಕೆ ದೂರದ ಲೆಕ್ಕ. ಮಾಡೆಲ್ ಏನೇ ಇರಲಿ, ಒಳಗೆ ಹಾಕಿದ್ದು ಕಸವಾದರೆ ಹೊರಗೆ ಬರುವುದೂ ಕಸವೇ. ಕೆಲವು ಮೋಸದ ಜಾಗಗಳನ್ನು ಹೇಳುತ್ತೇನೆ.

ಶಬ್ದದ ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸುವಂತಿಲ್ಲ. 60 ಡೆಸಿಬೆಲ್ ಶಬ್ದ ಮಾಡುವ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ಒಟ್ಟು 63 ಆಗುತ್ತದೆ, 120 ಆಗುವುದಿಲ್ಲ. ಹಾಗಂತ ಮೂರು ಡೆಸಿಬೆಲ್ ಏರಿಕೆ ತಾನೇ ಅಂತ ತಳ್ಳಿಹಾಕಬೇಡಿ. ಅದರರ್ಥ ಶಬ್ದದ ಶಕ್ತಿ ಎರಡು ಪಟ್ಟಾಗಿದೆ ಎಂದು.

ಇನ್ನೊಂದು, 'ನೂರು ವರ್ಷದ ಪ್ರವಾಹ'. ನೂರು ವರ್ಷಕ್ಕೊಮ್ಮೆ ಬರುವ ನೆರೆ, ನಮ್ಮ ಕಾಲದಲ್ಲಿ ಬರಲ್ಲ ಬಿಡಿ ಅಂತ ಜನ ತಿಳಿಯುತ್ತಾರೆ. ನಿಜವಾದ ಅರ್ಥ, ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ಶೇಕಡಾ 1. ಯೋಜನೆಯ ಆಯಸ್ಸು 30 ವರ್ಷವಾದರೆ ಅಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇಕಡಾ 26. ನಾಲ್ಕರಲ್ಲಿ ಒಂದು ಪಾಲು! ಅದೂ ಮಳೆಯ ರೀತಿ ಹಿಂದಿನಂತೆಯೇ ಇದ್ದರೆ. ಹವಾಮಾನ ಬದಲಾಗುತ್ತಿರುವಾಗ ಹಳೆಯ ಮಳೆ ಲೆಕ್ಕವನ್ನೇ ನಂಬಿ ಕೂರುವಂತಿಲ್ಲ.

ಮೂರನೆಯದು ಸರಾಸರಿ. ಗಾಳಿಯ ಕೊಳೆಯ ವಾರ್ಷಿಕ ಸರಾಸರಿ ಚೆನ್ನಾಗಿ ಕಾಣಬಹುದು. ಚಳಿಗಾಲದ ರಾತ್ರಿ ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಾಗ, ತಗ್ಗಿನಲ್ಲಿ ಬಿಟ್ಟ ಹೊಗೆ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಆಸ್ತಮಾ ಇರುವವರಿಗೆ ಬೇಕಾದದ್ದು ಆ ಕೆಟ್ಟ ರಾತ್ರಿಯ ಅಂಕಿ.

ದೊಡ್ಡ ದೊಡ್ಡ ಕೋಷ್ಟಕಗಳಲ್ಲಿ ಅಂಕ ಕೊಟ್ಟಿರುತ್ತಾರಲ್ಲ, ಅದೇನು?

ಅದರ ಮೂಲ ಲಿಯೊಪೋಲ್ಡ್ ಮ್ಯಾಟ್ರಿಕ್ಸ್. ಲೂನಾ ಲಿಯೊಪೋಲ್ಡ್ ಮತ್ತು ಜೊತೆಗಾರರು 1971ರಲ್ಲಿ ಮಾಡಿದ್ದು. ಒಂದು ಕಡೆ 100 ಬಗೆಯ ಕೆಲಸಗಳು, ಇನ್ನೊಂದು ಕಡೆ ಪರಿಸರದ 88 ಗುಣಗಳು. ಒಟ್ಟು 8,800 ಮನೆ. ಪರಿಣಾಮ ಇರುವ ಮನೆಯಲ್ಲಿ ಎರಡು ಅಂಕ, ಅದು ಎಷ್ಟು ದೊಡ್ಡದು ಎಂದು ಒಂದು, ಎಷ್ಟು ಮುಖ್ಯ ಎಂದು ಇನ್ನೊಂದು. ಎರಡೂ 1ರಿಂದ 10ರವರೆಗೆ.

ಯಾವುದನ್ನೂ ಮರೆಯದಿರಲು ಇದು ಒಳ್ಳೆಯ ಸಾಧನ. ಅಂಕಗಳನ್ನೆಲ್ಲ ಕೂಡಿಸಿ 'ಒಟ್ಟು ಪರಿಣಾಮ ಮೈನಸ್ 42' ಎಂದು ತೀರ್ಪು ಕೊಟ್ಟರೆ ಮಾತ್ರ ನಂಬಬೇಡಿ. ಬಾವಿ ಬತ್ತುವುದಕ್ಕೆ ಕೊಟ್ಟ ಮೈನಸ್ 8 ಮತ್ತು ಉದ್ಯಾನ ಬೆಳೆಸುವುದಕ್ಕೆ ಕೊಟ್ಟ ಪ್ಲಸ್ 8 ಕೂಡಿದರೆ ಸೊನ್ನೆ ಬರುತ್ತದೆ ಕಾಗದದ ಮೇಲೆ. ಬಾವಿಯವರ ಮನೆಯಲ್ಲಿ ಹಾಗೆ ಬರುವುದಿಲ್ಲ.

ಪರ್ಯಾಯಗಳ ಅಧ್ಯಾಯಕ್ಕೆ ಯಾಕೆ ಅಷ್ಟು ಒತ್ತು?

ಅಮೆರಿಕದ 1978ರ ನಿಯಮಗಳು ಆ ಅಧ್ಯಾಯವನ್ನು ವರದಿಯ ಹೃದಯ ಎಂದೇ ಕರೆದಿದ್ದವು. ಆಯ್ಕೆ ಒಂದೇ ಇದ್ದರೆ ತೀರ್ಮಾನ ಎಂಬುದೇ ಇಲ್ಲವಲ್ಲ. ಬೇರೆ ಜಾಗ, ಬೇರೆ ಗಾತ್ರ, ಬೇರೆ ತಂತ್ರಜ್ಞಾನ, ಬೇರೆ ಕಾಲ. ಜೊತೆಗೆ 'ಏನೂ ಮಾಡದಿದ್ದರೆ ಏನಾಗುತ್ತದೆ' ಎಂಬುದೂ ಬೇಕು. ಇವನ್ನೆಲ್ಲ ಒಂದೇ ಅಳತೆಗೋಲಿನಲ್ಲಿ ಹೋಲಿಸಬೇಕು.

ಈ ಅಧ್ಯಾಯವನ್ನು ಕೊಲ್ಲುವ ಸುಲಭ ಉಪಾಯ, ಉದ್ದೇಶವನ್ನೇ ಕಿರಿದಾಗಿ ಬರೆಯುವುದು. 'ಈ ಕಣಿವೆಯಲ್ಲಿ 60 ಮೀಟರ್ ಅಣೆಕಟ್ಟು ಕಟ್ಟುವುದು' ಎಂಬುದೇ ಉದ್ದೇಶವಾದರೆ ಪರ್ಯಾಯ ಎಲ್ಲಿಂದ ಬರಬೇಕು? 'ಈ ಊರುಗಳಿಗೆ ನೀರು ಕೊಡುವುದು' ಎಂದು ಬರೆದು ನೋಡಿ, ಹತ್ತು ದಾರಿಗಳು ತೆರೆಯುತ್ತವೆ.

ಅಮೆರಿಕದ ಇಲಿನಾಯ್ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಇದೇ ನಡೆಯಿತು. ಊರಿಗೂ ಪಕ್ಕದ ಒಂದು ನೀರು ಸರಬರಾಜು ಜಿಲ್ಲೆಗೂ ನೀರು ಬೇಕಿತ್ತು. ಎರಡಕ್ಕೂ ಸೇರಿ ಒಂದೇ ಮೂಲ ಎಂದು ಮೊದಲೇ ತೀರ್ಮಾನಿಸಿ, ಒಂದು ತೊರೆಗೆ ಅಣೆ ಕಟ್ಟಿ ಕೆರೆ ಮಾಡುವ ವರದಿ ಬರೆದರು. ಒಂದೇ ಮೂಲ ಯಾಕೆ, ಎರಡು ಬೇರೆ ಮೂಲಗಳಿಂದ ತರಬಾರದಾ ಎಂದು ಯಾರೂ ಪರೀಕ್ಷಿಸಲಿಲ್ಲ. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಹಿಡಿದು ಅನುಮತಿಗೆ ತಡೆ ಹಾಕಿತು.

ಇನ್ನೊಂದು ಆಟವೂ ಇದೆ. ಯಾರೂ ಒಪ್ಪದಂಥ ಎರಡು ಪರ್ಯಾಯಗಳನ್ನು ಬೇಕೆಂದೇ ತಂದು ನಿಲ್ಲಿಸುವುದು. ಹುಡುಗಿ ನೋಡಲು ಹೋದಾಗ ತಮ್ಮ ಗಂಡು ಚೆನ್ನಾಗಿ ಕಾಣಲೆಂದು ಪಕ್ಕದಲ್ಲಿ ಯಾರೂ ಒಪ್ಪದ ಗಂಡುಗಳನ್ನು ಕೂರಿಸಿದ ಹಾಗೆ. ಓದುವವರಿಗೆ ಗೊತ್ತಾಗುತ್ತದೆ.

ಒಂದೊಂದೇ ಯೋಜನೆ ಸಣ್ಣದಾಗಿದ್ದರೂ ಒಟ್ಟಿಗೆ ಸೇರಿದರೆ?

ಒಟ್ಟು ಸೇರಿದ ಪರಿಣಾಮವನ್ನೂ ವರದಿ ನೋಡಬೇಕು. ಒಂದು ನದಿಯಲ್ಲಿ ಎಂಟು ಕಿರು ಜಲವಿದ್ಯುತ್ ಘಟಕಗಳು ಇವೆ ಎಂದುಕೊಳ್ಳಿ. ಒಂದೊಂದೂ ತನ್ನ ಪಾಲಿನ ಎರಡು ಕಿ.ಮೀ. ಮಾತ್ರ ನೀರು ತಿರುಗಿಸುತ್ತೇನೆ ಎನ್ನುತ್ತದೆ. ಮೀನಿಗೆ ದಾಟಬೇಕಾದದ್ದು 16 ಕಿ.ಮೀ. ಒಣ ಹಳ್ಳ ಮತ್ತು ಎಂಟು ಗೋಡೆ. ಎಂಟೂ ವರದಿಗಳಲ್ಲಿ 'ಪರಿಣಾಮ ಅತ್ಯಲ್ಪ' ಎಂದೇ ಇರುತ್ತದೆ. ಅದಕ್ಕೇ ಇಡೀ ಕಣಿವೆಗೆ, ಇಡೀ ವಲಯಕ್ಕೆ ಮೊದಲೇ ಒಂದು ಅಧ್ಯಯನ ಮಾಡುವ ಪದ್ಧತಿ ಬಂದಿದೆ.

ಇದು ಬರೀ ಗಿಡಮರಗಳ ವಿಷಯವಾ? ಜನರ ಬದುಕು ಬರುವುದಿಲ್ಲವಾ?

ಬರಲೇಬೇಕು. ಘಾನಾದ ಅಕೊಸೊಂಬೊ ಅಣೆಕಟ್ಟು 1965ರಲ್ಲಿ ಮುಗಿಯಿತು. ಹಿಂದೆ ನಿಂತ ವೋಲ್ಟಾ ಸರೋವರ ಸುಮಾರು 8,500 ಚದರ ಕಿ.ಮೀ. ಸುಮಾರು 80,000 ಜನ ಮನೆ ಬಿಟ್ಟು ಎದ್ದರು. ಹರಿಯುತ್ತಿದ್ದ ನೀರು ನಿಂತಿತು, ಕಳೆ ಬೆಳೆಯಿತು, ಕಳೆಯಲ್ಲಿ ಬಸವನಹುಳು ಹೆಚ್ಚಿತು, ಹುಳುವಿನ ಮೂಲಕ, ಮೂತ್ರದಲ್ಲಿ ರಕ್ತ ಬರಿಸುವ ಬಿಲ್ಹಾರ್ಜಿಯ ರೋಗ ದಡದ ಮಕ್ಕಳಿಗೆ ಹರಡಿತು. ಅಣೆಕಟ್ಟಿನ ಕೆಳಗೆ ನದಿಯ ಏರಿಳಿತ ನಿಂತು, ಅಲ್ಲಿ ಕಪ್ಪೆಚಿಪ್ಪು ಆರಿಸಿ ಬದುಕುತ್ತಿದ್ದವರ ಕಸುಬು ಕುಸಿಯಿತು. ಕಾಂಕ್ರೀಟಿನಿಂದ ಮಗುವಿನ ಮೂತ್ರದಲ್ಲಿ ಬರುವ ರಕ್ತದವರೆಗೆ ಒಂದೇ ಸರಪಳಿ. ಎಂಜಿನಿಯರ್ ಒಬ್ಬರೇ ಕೂತು ಇದನ್ನು ಕಾಣಲು ಆಗುವುದಿಲ್ಲ. ವೈದ್ಯರು, ಮೀನು ಬಲ್ಲವರು, ಆ ದಡದಲ್ಲೇ ಹುಟ್ಟಿದವರು ಒಂದೇ ಮೇಜಿಗೆ ಬರಬೇಕು.

ಸಾರ್ವಜನಿಕ ಅಹವಾಲು ಸಭೆಯಿಂದ ಏನಾದರೂ ಉಪಯೋಗ ಇದೆಯಾ?

ಹೇಗೆ ನಡೆಸುತ್ತೀರಿ ಅನ್ನುವುದರ ಮೇಲಿದೆ. ಕೆನಡಾದ ಮೆಕೆಂಜಿ ಕಣಿವೆಯಲ್ಲಿ ಅನಿಲದ ಪೈಪ್‌ಲೈನ್ ಹಾಕುವ ಪ್ರಸ್ತಾಪ ಬಂದಾಗ, 1974ರಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ವಿಚಾರಣೆಗೆ ನೇಮಿಸಿದರು. ಅವರು ಜನರನ್ನು ನಗರಕ್ಕೆ ಕರೆಸಲಿಲ್ಲ. ತಾವೇ 35 ಊರುಗಳಿಗೆ ಹೋದರು. ಜನ ತಮ್ಮದೇ ಭಾಷೆಯಲ್ಲಿ ಮಾತಾಡಿದರು. ಬೇಟೆಗಾರರು, ಅಜ್ಜಿಯರು ಹೇಳಿದ್ದೂ ತಜ್ಞರು ಹೇಳಿದ್ದೂ ಒಂದೇ ದಾಖಲೆಗೆ ಸೇರಿತು. 1977ರ ವರದಿಯಲ್ಲಿ ಅವರು ಯೂಕಾನಿನ ಉತ್ತರ ಭಾಗದಲ್ಲಿ ಪೈಪ್‌ಲೈನ್ ಬೇಡವೇ ಬೇಡ, ಕಣಿವೆಯಲ್ಲಿ ಹತ್ತು ವರ್ಷ ತಡೆಯಿರಿ, ಮೊದಲು ಮೂಲನಿವಾಸಿಗಳ ಭೂಮಿಯ ಹಕ್ಕು ಇತ್ಯರ್ಥವಾಗಲಿ ಎಂದರು.

ಇದಕ್ಕೆ ಎದುರು ಬದಿಯಲ್ಲಿ, 900 ಪುಟದ ವರದಿಯನ್ನು ಜನರಿಗೆ ಅರ್ಥವಾಗದ ಭಾಷೆಯಲ್ಲಿ ಕಚೇರಿಯ ಕಪಾಟಿನಲ್ಲಿ ಇಟ್ಟು, ಕೆಲಸದ ದಿನ ಮಧ್ಯಾಹ್ನ ಸಭೆ ಕರೆದು, ಯಾರೂ ಬರಲಿಲ್ಲ ಎಂದು ಬರೆದುಕೊಳ್ಳುವವರಿದ್ದಾರೆ. ಸಾರಾಂಶ ಜನರ ಭಾಷೆಯಲ್ಲಿ ಇರಲಿ. ನಕ್ಷೆಯಲ್ಲಿ ಅವರ ಮನೆ, ಬಾವಿ, ಕಾಲುದಾರಿ ಕಾಣಲಿ. ಯಾರು ಏನು ಕೇಳಿದರು, ಅದಕ್ಕೆ ವರದಿಯಲ್ಲಿ ಏನು ಬದಲಾಯಿಸಿದಿರಿ ಎಂದು ಎದುರುಬದುರು ಪಟ್ಟಿ ಹಾಕಿ. 'ಗಮನಿಸಲಾಗಿದೆ' ಎಂಬ ಉತ್ತರವನ್ನು ದಯವಿಟ್ಟು ಬಿಟ್ಟುಬಿಡಿ.

ಹಾನಿ ತಗ್ಗಿಸುವ ಕ್ರಮಗಳನ್ನು ಹೇಗೆ ಬರೆಯಬೇಕು?

ಒಂದು ಕ್ರಮಪಂಕ್ತಿ ಇದೆ. ಮೊದಲು ಹಾನಿಯನ್ನು ತಪ್ಪಿಸಿ. ಆಗದಿದ್ದರೆ ಕಡಿಮೆ ಮಾಡಿ. ಆದ ಹಾನಿಯನ್ನು ಸರಿಪಡಿಸಿ. ಕೊನೆಗೂ ಉಳಿದದ್ದಕ್ಕೆ ಮಾತ್ರ ಬೇರೆ ಕಡೆ ಪರಿಹಾರ ಮಾಡಿ. ಬಹಳ ವರದಿಗಳು ನೇರ ಕೊನೆಯ ಮೆಟ್ಟಿಲಿಗೆ ಹಾರುತ್ತವೆ. ಮರ ಕಡಿದು ಸಸಿ ನೆಡುತ್ತೇವೆ ಎನ್ನುವುದು ಎಲ್ಲಕ್ಕಿಂತ ಸುಲಭ. ಇನ್ನೂರು ವರ್ಷದ ಮರದ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ ಸಸಿಯಲ್ಲಿ ಏನು ಮಾಡಬೇಕು?

'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಯಾರು, ಯಾವಾಗ, ಎಷ್ಟು ಖರ್ಚಿನಲ್ಲಿ, ಆಯಿತೆಂದು ತಿಳಿಯುವುದು ಹೇಗೆ. ಇಷ್ಟೂ ಇದ್ದರೆ ಅದು ಕ್ರಮ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದರೆ ವರದಿ ತಿರಸ್ಕಾರವಾಗುತ್ತದಾ?

ಒಳ್ಳೆಯ ಪರಿಶೀಲಕರು ಹಾಗೆ ಮಾಡುವುದಿಲ್ಲ. ಅಂತರ್ಜಲ 2ರಿಂದ 7 ಮೀಟರ್ ಇಳಿಯಬಹುದು ಎಂದು ಬರೆಯುವುದು, 4.37 ಮೀಟರ್ ಇಳಿಯುತ್ತದೆ ಎಂದು ಬರೆಯುವುದಕ್ಕಿಂತ ಪ್ರಾಮಾಣಿಕ. 7 ಮೀಟರ್ ಇಳಿದರೆ ಏನು ಮಾಡುತ್ತೀರಿ ಎಂಬುದನ್ನೂ ಅಲ್ಲೇ ಬರೆಯಿರಿ.

ವರದಿ ಎಷ್ಟು ಉದ್ದ ಇರಬೇಕು? ಎಷ್ಟು ಸಮಯ ಹಿಡಿಯುತ್ತದೆ?

ಅಮೆರಿಕದಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. 2010ರ ದಶಕದಲ್ಲಿ ಕೊನೆಯ ವರದಿಯ ಸರಾಸರಿ 600 ಪುಟ ದಾಟಿತ್ತು, ಸಮಯ ಸರಾಸರಿ ನಾಲ್ಕೂವರೆ ವರ್ಷ. ಇದು ಅತಿಯಾಯಿತು ಎಂದು 2023ರಲ್ಲಿ ಕಾನೂನು ತಿದ್ದಿದರು. ಈಗ ಮಿತಿ 150 ಪುಟ, ಬಹಳ ಜಟಿಲವಾದರೆ 300. ಸಮಯ ಎರಡು ವರ್ಷ. ಅನುಬಂಧಗಳು ಪುಟದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ದಪ್ಪ ಅಲ್ಲಿಗೆ ಜಾರಿಕೊಳ್ಳುವುದು ಇದ್ದದ್ದೇ.

ಪುಟ ಕಡಿಮೆ ಮಾಡುವುದು ನನಗೆ ಇಷ್ಟವೇ. ಇಡೀ ರಾಜ್ಯದ ಭೂಗರ್ಭ ಇತಿಹಾಸದಿಂದ ಶುರುವಾಗುವ ವರದಿಯನ್ನು ಯಾರು ಓದುತ್ತಾರೆ? ಆದರೆ ಋತುಗಳನ್ನು ಕಡಿಮೆ ಮಾಡಲು ಬರುವುದಿಲ್ಲ. ಅವಸರ ಇದ್ದರೆ ಬೇಸ್‌ಲೈನ್ ಕೆಲಸವನ್ನು ಬೇಗ ಶುರು ಮಾಡಿ.

ಪರಿಣಾಮ ಕೆಟ್ಟದ್ದು ಎಂದು ವರದಿ ಹೇಳಿದರೆ ಯೋಜನೆ ನಿಲ್ಲುತ್ತದಾ?

ನಿಲ್ಲಲೇಬೇಕೆಂದಿಲ್ಲ. ತೀರ್ಮಾನ ಮಾಡುವುದು ಸರ್ಕಾರ ಅಥವಾ ಪ್ರಾಧಿಕಾರ. 1989ರಲ್ಲಿ ಮೆಥೌ ಕಣಿವೆಯ ಸ್ಕೀ ರೆಸಾರ್ಟ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ತಿಳಿಯದೆ ಮಾಡುವ ತೀರ್ಮಾನವನ್ನು ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ತಡೆಯುತ್ತದೆ, ತಿಳಿದೂ ಮಾಡುವ ಅವಿವೇಕವನ್ನು ತಡೆಯುವುದಿಲ್ಲ ಎಂಬುದು ಅದರ ಸಾರ. ಕೇಳಿದವರಿಗೆ ನಿರಾಸೆಯಾಗುತ್ತದೆ, ಗೊತ್ತು. ಆದರೂ ತಿಳಿದೇ ಮಾಡಿದರು ಎಂಬುದಕ್ಕೆ ಸಹಿ ಇರುವ ದಾಖಲೆ ಉಳಿಯುತ್ತದಲ್ಲ. ಬೇರೆ ಕಾನೂನುಗಳು, ಚುನಾವಣೆ, ಸಾಲ ಕೊಡುವ ಬ್ಯಾಂಕುಗಳು ಅದನ್ನು ಹಿಡಿದು ಪ್ರಶ್ನೆ ಕೇಳಬಹುದು.

ಪರಿಣಾಮ ಗಡಿ ದಾಟಿದರೆ?

ಪಕ್ಕದ ದೇಶಕ್ಕೆ ಮೊದಲೇ ತಿಳಿಸಬೇಕು. 1991ರ ಎಸ್ಪೊ ಒಪ್ಪಂದ ಇದಕ್ಕೆಂದೇ ಆದದ್ದು, ಜಾರಿಗೆ ಬಂದದ್ದು 1997ರಲ್ಲಿ. ಉರುಗ್ವೆ ನದಿಯ ದಡದ ಕಾಗದದ ತಿರುಳಿನ ಕಾರ್ಖಾನೆಗಳ ವಿಷಯದಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಗಡಿ ದಾಟಿ ದೊಡ್ಡ ಹಾನಿಯಾಗುವ ಅಪಾಯ ಇದ್ದರೆ ಇಂಥ ಮೌಲ್ಯಮಾಪನ ಮಾಡುವುದು ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನ ಬೇಡಿಕೆ ಎಂದೇ ಪರಿಗಣಿಸಬಹುದು ಎಂದು 2010ರಲ್ಲಿ ನ್ಯಾಯಾಲಯ ಹೇಳಿತು.

ಅನುಮತಿ ಸಿಕ್ಕ ಮೇಲೆ ವರದಿಯ ಕೆಲಸ ಮುಗಿಯಿತಾ?

ಹಾಗೆ ತಿಳಿದವರೇ ಜಾಸ್ತಿ. ವರದಿಯಲ್ಲಿ ಬರೆದ ಪ್ರತಿ ಊಹೆಯನ್ನೂ ಕಟ್ಟಿದ ಮೇಲೆ ಅಳೆದು ನೋಡಬೇಕು. ಅದಕ್ಕೆ ಬೇಸ್‌ಲೈನ್ ಅಳೆದ ಅದೇ ಬಾವಿ, ಅದೇ ವಿಧಾನ, ಅದೇ ತಿಂಗಳು ಬೇಕು. ಇಲ್ಲದಿದ್ದರೆ ಹೋಲಿಕೆ ಆಗುವುದಿಲ್ಲ. ಯಾವ ಅಂಕಿ ದಾಟಿದರೆ ಏನು ನಿಲ್ಲಿಸಬೇಕು ಎಂಬುದನ್ನು ವರದಿಯಲ್ಲೇ ಬರೆದಿಡಿ. 'ಮೂರು ಬಾವಿಗಳಲ್ಲಿ ನೀರು ಬೇಸ್‌ಲೈನ್ ಮಟ್ಟದಿಂದ 3 ಮೀಟರಿಗಿಂತ ಹೆಚ್ಚು ಇಳಿದರೆ ಪಂಪ್ ನಿಲ್ಲಿಸಲಾಗುವುದು' ಎನ್ನುವಷ್ಟು ಬಿಡಿಸಿ ಬರೆಯಿರಿ. ಆ ಮೂರು ಬಾವಿಗಳ ಮಾಲೀಕರಿಗೆ ಒಂದು ಪ್ರತಿ ಕೊಡಿ, ಅಳೆಯುವ ಟೇಪನ್ನೂ ಕೊಡಿ. ನೀವು ಅಳೆಯಲು ಮರೆತರೂ ಅವರು ಮರೆಯುವುದಿಲ್ಲ.